ಕವಿಯ ಬೆನ್ನಿಗೆ ಅಂಟಿದ ಪ್ರೇಮ

ಮಹಾಕವಿಗಳು ಒಬ್ಬ ಟೈಪಿಸ್ಟ್ ಹೆಂಗಸನ್ನು ಗುಟ್ಟಾಗಿ ಪ್ರೀತಿಸುತ್ತಿದ್ದರೆಂಬ ಸಂಗತಿ ಊರಿಗೆಲ್ಲ ತಿಳಿದ ದಿನ ಬೈಂಡರ್ ಒಂದು ಪುಸ್ತಕಕ್ಕೆ ರಟ್ಟನ್ನು ತಲೆಕೆಳಗಾಗಿ ಅಂಟಿಸಿದ. ಮೂವತ್ತೈದು ವರ್ಷದ ಕಸುಬಿನಲ್ಲಿ ಅದೇ ಮೊದಲ ತಪ್ಪು ಎಂದು ಅವನು ಹೇಳಿಕೊಳ್ಳುತ್ತಾನೆ. ನಿಜವಾಗಿ ಅದು ನಾಲ್ಕನೆಯದು. ಉಳಿದ ಮೂರು ಸರ್ಕಾರಿ ಕಡತಗಳಾದ್ದರಿಂದ ಅವನ್ನು ಇದುವರೆಗೆ ಯಾರೂ ತೆರೆದು ನೋಡಿಲ್ಲ.

ಸುದ್ದಿ ತಂದವನು ಪಕ್ಕದ ಔಷಧಿ ಅಂಗಡಿಯವನು. ಪೇಪರನ್ನು ಮನಸ್ಸಿನಲ್ಲೇ ಓದಿಕೊಳ್ಳುವುದು ಅವನ ಜಾಯಮಾನಕ್ಕೆ ಒಗ್ಗದ ಕೆಲಸ. ಬೆಳಿಗ್ಗೆ ಒಂಬತ್ತಕ್ಕೆ ಸರಿಯಾಗಿ ಬೈಂಡರನ ಅಂಗಡಿಯ ಹೊಸ್ತಿಲಲ್ಲಿ ನಿಂತು, ಎದುರಿಗೆ ಸಾವಿರ ಜನ ಕೂತಿದ್ದಾರೇನೋ ಎಂಬಂತೆ ಓದುತ್ತಾನೆ. ಅವತ್ತು ಓದಿದ್ದರ ಸಾರಾಂಶ ಇಷ್ಟು. ಮಹಾಕವಿಗಳು ತೀರಿಕೊಂಡು ಹತ್ತು ವರ್ಷವಾಗಿದೆ, ಅವರ ಮನೆ ಈಗ ವಸ್ತುಸಂಗ್ರಹಾಲಯ. ಗಾಜಿನ ಪೆಟ್ಟಿಗೆಯಲ್ಲಿದ್ದ ಅವರ ಹಸ್ತಪ್ರತಿಗಳನ್ನು ಧೂಳು ಒರೆಸಲು ತೆಗೆದಾಗ ಒಂದರ ಬೆನ್ನು ಬಿರುಕು ಬಿಟ್ಟಿತು. ಒಳಗಿನಿಂದ ಕಾಗದದ ಪಟ್ಟಿಗಳು ಉದುರಿದವು. ಪಟ್ಟಿಗಳ ಮೇಲೆ ಪ್ರೇಮವಿತ್ತು.

"ಕೇಳಿ ಬೈಂಡರೇ, 'ಮೂರು ದಿನದಿಂದ ನಿಮ್ಮ ಕುರ್ಚಿ ಖಾಲಿ. ಜ್ವರವೋ ಅಥವಾ'. ಅಷ್ಟಕ್ಕೇ ನಿಲ್ಲಿಸಿಬಿಟ್ಟಿದ್ದಾರೆ ನೋಡಿ. ಏನು ಸಂಯಮ ರೀ, ಏನು ಸಂಯಮ" ಎಂದು ಔಷಧಿ ಅಂಗಡಿಯವನು ತಲೆದೂಗಿದ.

ಬೈಂಡರನ ಕೈಯಲ್ಲಿದ್ದ ರಟ್ಟು ತಲೆಕೆಳಗಾದದ್ದು ಆಗಲೇ. 'ಜ್ವರವೋ ಅಥವಾ ಮನೆಯವರು ಕೆಲಸ ಬಿಡಿಸಿದರೋ' ಎಂಬುದು ಆ ವಾಕ್ಯದ ಪೂರ್ತಿ ರೂಪ. ಅದು ಅವನಿಗೆ ಚೆನ್ನಾಗಿ ಗೊತ್ತಿತ್ತು, ಏಕೆಂದರೆ ಬರೆದವನು ಅವನೇ. ಸಂಯಮ ಮಾತ್ರ ಅವನದಲ್ಲ, ಕತ್ತರಿಯದು.

ಇಲ್ಲಿ ಬೈಂಡಿಂಗ್ ಕೆಲಸದ ಒಂದು ಒಳಗುಟ್ಟನ್ನು ಹೇಳಲೇಬೇಕು. ಹಾಳೆಗಳನ್ನು ಹೊಲಿದ ಮೇಲೆ ಪುಸ್ತಕದ ಬೆನ್ನು ಗಟ್ಟಿಯಾಗಿ ನಿಲ್ಲಲೆಂದು, ಬಟ್ಟೆ ಹೊದಿಸುವ ಮುಂಚೆ, ರದ್ದಿ ಕಾಗದವನ್ನು ಒಂದೂವರೆ ಅಂಗುಲ ಅಗಲದ ಪಟ್ಟಿಗಳಾಗಿ ಕತ್ತರಿಸಿ ಪದರಪದರವಾಗಿ ಅಂಟಿಸುತ್ತಾರೆ. ಯಾವ ರದ್ದಿ ಎಂದು ಯಾರೂ ಕೇಳುವುದಿಲ್ಲ. ನಿಮ್ಮ ಮನೆಯ ಧರ್ಮಗ್ರಂಥದ ಬೆನ್ನಿನೊಳಗೆ ಹಲ್ಲುಪುಡಿಯ ಜಾಹೀರಾತು ಇರಬಹುದು, ಇದ್ದರೂ ಗ್ರಂಥದ ಮಹಿಮೆಗೆ ಕುಂದಿಲ್ಲ. ಪುಸ್ತಕ ಸಾಯುವವರೆಗೆ ಅದರ ಬೆನ್ನಿನೊಳಗೆ ಇಣುಕುವವರು ಯಾರೂ ಇಲ್ಲ.

ಬೈಂಡರ್ ಇಪ್ಪತ್ತೈದರ ಹುಡುಗನಾಗಿದ್ದಾಗ ಎದುರು ಕಟ್ಟಡದ ಮೊದಲ ಮಹಡಿಯಲ್ಲಿ ನಕಲು ಮಾಡಿಕೊಡುವ ಕಚೇರಿ ಇತ್ತು. ಕಿಟಕಿಯ ಪಕ್ಕ ಒಬ್ಬ ಹುಡುಗಿ ಕೂತು ಟೈಪು ಮಾಡುತ್ತಿದ್ದಳು. ಇವನು ಕೆಳಗೆ ಕೂತು ನೋಡುತ್ತಿದ್ದ, ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಹಾಳಾದ ಹಾಳೆಗಳ ಹಿಂಬದಿಯಲ್ಲಿ ಅವಳಿಗೆ ಕಾಗದ ಬರೆಯುತ್ತಿದ್ದ. ರಸ್ತೆ ದಾಟಿ ಕೊಡುವ ಧೈರ್ಯ ಬರುವಷ್ಟರಲ್ಲಿ ಐದು ಗಂಟೆಯಾಗಿ ಕಚೇರಿ ಮುಚ್ಚುತ್ತಿತ್ತು. ಹೀಗೆ ಎರಡು ವರ್ಷ. ಅಷ್ಟರಲ್ಲಿ ಮಹಾಕವಿಗಳು ಆರು ಹಸ್ತಪ್ರತಿಗಳನ್ನು ಬೈಂಡಿಂಗಿಗೆ ತಂದುಕೊಟ್ಟರು. ಅಂಗಡಿಯಲ್ಲಿ ಬೇರೆ ರದ್ದಿ ಇರಲಿಲ್ಲ. ಅವನು ಒಂದು ಕ್ಷಣ ಯೋಚಿಸಿ ಕಾಗದಗಳನ್ನೆಲ್ಲ ಪಟ್ಟಿಗಳಾಗಿ ಕತ್ತರಿಸಿ ಆ ಬೆನ್ನುಗಳಿಗೆ ಅಂಟಿಸಿಬಿಟ್ಟ. ಮುಂದಿನ ತಿಂಗಳು ಕಚೇರಿ ಬೇರೆ ಬೀದಿಗೆ ಹೋಯಿತು, ಕಿಟಕಿಗೆ ಹಲಗೆ ಹೊಡೆದರು.

ಅವನು ಮದುವೆಯಾಗಲಿಲ್ಲ. ಅಂಗಡಿಯ ಹಿಂದಿನ ಕೋಣೆಯಲ್ಲಿ ಒಂದು ಮಂಚ, ಒಂದು ಸ್ಟೌ, ಎರಡು ಲೋಟ. ಒಬ್ಬನಿಗೆ ಎರಡು ಲೋಟ ಯಾಕೋ ಎಂದು ಅಕ್ಕ ಕೇಳಿದ್ದಕ್ಕೆ, ಒಂದು ಒಡೆದುಹೋದರೆ ಇರಲಿ ಎಂದಿದ್ದ. ಎರಡೂ ಸ್ಟೀಲಿನವು.

ಈಗ ಸುದ್ದಿ ಕೇಳಿ ಅವನು ಅಂಗಡಿಯನ್ನು ಅರ್ಧಕ್ಕೇ ಮುಚ್ಚಿದ. ಕೀರ್ತಿಯ ಆಸೆ ಅವನಿಗಿರಲಿಲ್ಲ, ಕೀರ್ತಿ ಬಂದರೆ ಎಲ್ಲಿಡಬೇಕೆಂದೂ ಗೊತ್ತಿರಲಿಲ್ಲ. ಆದರೆ ಒಬ್ಬರಿಗೆ, ಆ ಕಿಟಕಿಯ ಒಬ್ಬರಿಗೆ ಮಾತ್ರ, ನಿಜ ತಿಳಿಯಬೇಕು ಎನ್ನಿಸಿತು. ಮೂವತ್ತೊಂದು ವರ್ಷದಲ್ಲಿ ಅವನಿಗೆ ಬೇಕೆನ್ನಿಸಿದ್ದು ಅದೊಂದೇ.

ಮೊದಲು ಅಕ್ಕನ ಮನೆಗೆ ಹೋಗಿ ಹೇಳಿದ. ಅಕ್ಕ ಬಟ್ಟೆ ಮಡಿಸುತ್ತಿದ್ದವಳು ಕೈ ನಿಲ್ಲಿಸಿದಳು.

"ನಿನಗೆ ಪ್ರೇಮ ಬೇರೆ ಇತ್ತಾ? ನಾನು ಆರು ಹುಡುಗಿಯರನ್ನ ತೋರಿಸಿದಾಗ ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ಯಲ್ಲೋ. ಆಗ ಹೇಳೋಕೆ ಏನಾಗಿತ್ತು?"

"ಆಗ ಯಾರೂ ಕೇಳಲಿಲ್ಲ ಅಕ್ಕ."

"ಈಗ ಯಾರು ಕೇಳಿದ್ರು?" ಎಂದಳು ಅಕ್ಕ.

ಭಾವ ಕೋರ್ಟಿನಲ್ಲಿ ಗುಮಾಸ್ತರಾಗಿ ನಿವೃತ್ತರಾದವರು. ಮನೆಯಲ್ಲಿ ಉಪ್ಪು ಕೇಳಬೇಕಾದರೂ ಅರ್ಜಿ ಓದಿದಂತೆ ಕೇಳುವ ಮನುಷ್ಯ. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ನೋಡಪ್ಪಾ, ಎರಡು ಪ್ರಶ್ನೆ ಏಳುತ್ತೆ. ನೀನು ಬರೆದಿದ್ದು ಅಂತ ರುಜುವಾತಾದರೆ, ಮಹಾಕವಿಗಳ ಆಸ್ತಿಯೊಳಗೆ ನಿನ್ನ ಖಾಸಗಿ ಕಾಗದ ಸೇರಿಸಿದ್ದು ತಪ್ಪು. ರುಜುವಾತಾಗದಿದ್ದರೆ, ಸತ್ತವರ ಪ್ರೇಮವನ್ನ ಅಪಹರಿಸಿದ್ದು ತಪ್ಪು. ಎರಡೂ ಕಡೆಯಿಂದ ನೀನೇ ಸಿಕ್ಕಿಬೀಳ್ತೀಯ. ಸುಮ್ಮನಿರೋದು ಒಳ್ಳೇದು."

ಅವನು ಸುಮ್ಮನಿದ್ದ. ಆದರೆ ಊರು ಸುಮ್ಮನಿರಲಿಲ್ಲ. ಮಹಾಕವಿಗಳು ಬೆಟ್ಟ, ಬಂಡೆ, ಮೋಡಗಳ ಮೇಲೆ ಹದಿನಾಲ್ಕು ಸಂಪುಟ ಬರೆದವರು. ಅವರ ಕಾವ್ಯದಲ್ಲಿ ಹೆಂಗಸು ಅಂತ ಬಂದರೆ ಅದು ನದಿ ಮಾತ್ರ. ಅಂಥವರಿಗೆ ಒಂದು ಗುಪ್ತ ಪ್ರೇಮ ಸಿಕ್ಕಿತೆಂದು ಅಭಿಮಾನಿಗಳು ಒಳಗೊಳಗೇ ಹಿಗ್ಗಿದರು. ಒಬ್ಬ ಪ್ರೊಫೆಸರು ಆ ಅರ್ಧಂಬರ್ಧ ಸಾಲುಗಳನ್ನು 'ಮಹಾಕವಿಯ ಕೊನೆಯ ಪ್ರಯೋಗ' ಎಂದು ಕರೆದು ಎರಡು ಗಂಟೆ ಭಾಷಣ ಮಾಡಿದರು. ವಾಕ್ಯ ಮುರಿದ ಜಾಗದಲ್ಲಿ ಕವಿಯ ಹೃದಯವೇ ಮುರಿದಿದೆ ಎಂದರು. ಬೈಂಡರನಿಗೆ ತಿಳಿದಂತೆ ಅಲ್ಲಿ ಮುರಿದದ್ದು ಒಂದೂವರೆ ಅಂಗುಲದ ಅಳತೆ.

ಇಷ್ಟಾದ ಮೇಲೆ ಸಿನಿಮಾ ಆಗದೆ ಇರುತ್ತದೆಯೇ? ಪಟ್ಟಿಯ ಸಾಲುಗಳ ಜಾಡು ಹಿಡಿದು ನಿರ್ದೇಶಕರು ಒಂದು ದಿನ ಅಂಗಡಿಗೇ ಬಂದರು. ದೊಡ್ಡ ಗಡ್ಡ, ಕುತ್ತಿಗೆಗೆ ಉಣ್ಣೆಯ ಬಟ್ಟೆ, ಬೆನ್ನ ಹಿಂದೆ ನಾಲ್ಕು ಜನ. ಅಂಗಡಿಯನ್ನು ಎರಡೂ ಕೈಗಳ ಬೆರಳು ಜೋಡಿಸಿದ ಚೌಕಟ್ಟಿನೊಳಗಿಂದ ನೋಡುತ್ತ, "ಕವಿಗಳು ಇಲ್ಲೇ ನಿಂತು ಆ ಕಿಟಕಿ ನೋಡ್ತಿದ್ರು, ಅಲ್ವಾ?" ಎಂದರು.

ಬೈಂಡರ್ ಧೈರ್ಯ ಮಾಡಿದ. "ಸಾರ್, ಆ ಕಾಗದ ಬರೆದದ್ದು ನಾನು."

ನಿರ್ದೇಶಕರು ಬೆರಳಿನ ಚೌಕಟ್ಟು ಇಳಿಸಿದರು. ಅವರ ಮುಖ ಬೆಳಗಿದ್ದು ನೋಡಿ ಬೈಂಡರನಿಗೆ ಅಳು ಬರುವಷ್ಟು ಸಮಾಧಾನವಾಯಿತು. ಯಾರಾದರೂ ನಂಬುತ್ತಾರೆಂದು ಅವನು ಎಣಿಸಿರಲಿಲ್ಲ. ನಿರ್ದೇಶಕರು ಹಿಂದಿದ್ದವರತ್ತ ತಿರುಗಿ, "ವಸ್ತುಸಂಗ್ರಹಾಲಯದ ತಜ್ಞರನ್ನ ಕರೆಸಿ, ಈಗಲೇ" ಎಂದರು.

ಕೈಬರಹದ ತಜ್ಞರು ಭೂತಗನ್ನಡಿಯೊಂದಿಗೆ ಬಂದರು. ಬೈಂಡರನಿಗೆ ಒಂದು ಹಾಳೆ ಕೊಟ್ಟು 'ಸಾಲು ಮುಗಿದಾಗ ನಿಮ್ಮ ಯಂತ್ರದ ಗಂಟೆ ಟಿಂಗ್ ಎನ್ನುತ್ತದೆ' ಎಂದು ಹತ್ತು ಸಲ ಬರೆಸಿದರು. ಪಟ್ಟಿಯಲ್ಲಿದ್ದ ಆ ವಾಕ್ಯವನ್ನು ಅವನು ನೋಡದೆಯೇ ಬರೆದ. ತಜ್ಞರು ಹಳೆಯ ಪಟ್ಟಿಯನ್ನೂ ಹೊಸ ಹಾಳೆಯನ್ನೂ ಅಕ್ಕಪಕ್ಕ ಇಟ್ಟು, ಅರ್ಧ ಗಂಟೆ ಮೂಗು ತಾಗುವಷ್ಟು ಬಗ್ಗಿ ನೋಡಿ, ಕೊನೆಗೆ ನೆಟ್ಟಗಾದರು.

"ಅನುಮಾನವೇ ಇಲ್ಲ. ಇವರದೇ ಕೈ."

ಬೈಂಡರ್ ಕಣ್ಣು ಮುಚ್ಚಿಕೊಂಡ.

"ಅಂತೂ ದೊಡ್ಡ ತಲೆನೋವು ಕಳೀತು" ಎಂದು ತಜ್ಞರು ಮುಂದುವರಿಸಿದರು. "ಅಕ್ಷರ ಮಹಾಕವಿಗಳದ್ದಲ್ಲ ಅಂತ ಕೆಲವರು ಆರು ತಿಂಗಳಿಂದ ತಕರಾರು ಮಾಡ್ತಿದ್ರು. ಈಗ ಗೊತ್ತಾಯ್ತಲ್ಲ. ಕವಿಗಳು ಹೇಳಿದ್ದಾರೆ, ಇವರು ಬರೆದುಕೊಂಡಿದ್ದಾರೆ."

ಬೈಂಡರ್ ಕಣ್ಣು ಬಿಟ್ಟ. "ಅವರು ಏನೂ ಹೇಳಲಿಲ್ಲ ಸಾರ್. ಅವರು ನನ್ನ ಹತ್ರ ಮಾತಾಡಿದ್ದೇ ಒಂದು ಸಲ. 'ದಾರ ಬಿಗಿಯಾಗಿ ಎಳಿಯಪ್ಪಾ' ಅಂದ್ರು, ಅಷ್ಟೇ."

ನಿರ್ದೇಶಕರ ಕಣ್ಣು ತುಂಬಿ ಬಂತು. ಅವನ ಎರಡೂ ಕೈ ಹಿಡಿದುಕೊಂಡರು. "ನೋಡಿ, ನಿಷ್ಠೆ ಅಂದ್ರೆ ಇದು. ಕವಿಗಳು ಹೋಗಿ ಹತ್ತು ವರ್ಷ ಆದರೂ ಗುಟ್ಟು ಬಿಟ್ಟುಕೊಡ್ತಿಲ್ಲ ಈ ಮನುಷ್ಯ."

ಅವನು ಎಷ್ಟು ಅಲ್ಲವೆಂದನೋ ಅವರು ಅಷ್ಟು ಮರುಗಿದರು. ಕೊನೆಗೆ ಒಂದು ಹೇಳಿಕೆಯ ಕಾಗದ ಮುಂದಿಟ್ಟರು. 'ಮೇಲ್ಕಂಡ ಬರಹ ನನ್ನ ಕೈಯಿಂದಲೇ ಬರೆದದ್ದು' ಎಂದಿತ್ತು. ಅಕ್ಷರಶಃ ನಿಜವಾದ ಮಾತು. ಸಹಿ ಹಾಕದೆ ಇರಲು ಅವನಿಗೆ ಕಾರಣ ಹೊಳೆಯಲಿಲ್ಲ, ಹಾಕಿದ. ಹಾಗೆ ತನ್ನ ಪ್ರೇಮವನ್ನು ತಾನೇ ಸಹಿ ಮಾಡಿ ಮಹಾಕವಿಗಳಿಗೆ ಕೊಟ್ಟುಬಿಟ್ಟ.

ಆಮೇಲೆ ಬೀದಿಯಲ್ಲಿ ಅವನ ಮರ್ಯಾದೆ ಹೆಚ್ಚಿತು. ಔಷಧಿ ಅಂಗಡಿಯವನು ಗಿರಾಕಿಗಳಿಗೆ ಗುಳಿಗೆಯ ಜೊತೆ ಇವನನ್ನೂ ತೋರಿಸತೊಡಗಿದ. "ಇವರೇ ನೋಡಿ, ಕವಿಗಳ ಹೃದಯದ ಗುಮಾಸ್ತರು." ಕೆಮ್ಮಿಗೆ ಔಷಧಿ ಕೊಳ್ಳಲು ಬಂದವರು ಕೆಮ್ಮುತ್ತಲೇ ಕೈಮುಗಿದು ಹೋದರು. ದಿನವಿಡೀ ಜನ ಬಂದರು, ಆದರೆ ಒಬ್ಬರೂ ಅವನ ವಿಷಯ ಕೇಳಲಿಲ್ಲ. ಅಂಗಡಿ ಮುಚ್ಚಿದ ಮೇಲೆ ಕೋಣೆ ಮೊದಲಿಗಿಂತ ಖಾಲಿ ಎನ್ನಿಸುತ್ತಿತ್ತು.

ವರ್ಷ ಕಳೆದು ಸಿನಿಮಾ ಬಂತು. ಅವನು ಒಬ್ಬನೇ ಮಧ್ಯಾಹ್ನದ ಆಟಕ್ಕೆ ಹೋಗಿ ಗೋಡೆಯ ಪಕ್ಕ ಕೂತ. ಕವಿಯ ಪಾತ್ರದವನು ಆರಡಿ ಎತ್ತರ, ಗಾಳಿ ಇಲ್ಲದಿದ್ದರೂ ಅವನ ಕೂದಲು ಹಾರುತ್ತಿತ್ತು. ನಿಜವಾದ ಕವಿಗಳಿಗೆ ಹಾರಲು ಕೂದಲೇ ಇರಲಿಲ್ಲ. ಬೈಂಡರನ ಪಾತ್ರವೂ ಇತ್ತು. ಅದನ್ನು ಒಬ್ಬ ದಪ್ಪ ಹಾಸ್ಯನಟ ಮಾಡಿದ್ದ. ಅವನು ಅಂಟಿನ ಡಬ್ಬಿಯಲ್ಲಿ ಮೂರು ಸಲ ಜಾರಿ ಬಿದ್ದ, ನಾಲ್ಕನೆಯ ಸಲ ಅಂಟು ಹತ್ತಿದ ಕುರ್ಚಿಯನ್ನು ಬೆನ್ನ ಹಿಂದೆ ಹೊತ್ತುಕೊಂಡೇ ಕವಿಗಳಿಗೆ ನಮಸ್ಕಾರ ಮಾಡಿದ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಸುಮ್ಮನೆ ಕೂತರೆ ಚೆನ್ನಾಗಿರುವುದಿಲ್ಲವೆಂದು ಅವನೂ ಒಂದಿಷ್ಟು ನಕ್ಕ.

ಆಮೇಲೆ ಪರದೆಯ ಮೇಲೆ ಆ ಕಿಟಕಿ ಬಂತು. ಕವಿ ಕೆಳಗೆ ನಿಂತು ಖಾಲಿ ಕುರ್ಚಿಯನ್ನು ನೋಡಿ, "ಮೂರು ದಿನದಿಂದ ನಿಮ್ಮ ಕುರ್ಚಿ ಖಾಲಿ" ಎಂದ. ಪಕ್ಕದಲ್ಲಿ ಕೂತಿದ್ದ ಅಪರಿಚಿತ ಹೆಂಗಸು ಬಿಕ್ಕಿದಳು. ಬೈಂಡರ್ ತನ್ನ ಕರ್ಚೀಫು ಕೊಟ್ಟ.

"ಪಾಪ, ಎಂಥ ಒಂಟಿ ಜೀವ ಅಲ್ವಾ?" ಎಂದಳು ಅವಳು ಕಣ್ಣೊರೆಸಿಕೊಳ್ಳುತ್ತ.

"ಹೌದಮ್ಮ" ಎಂದ ಅವನು. ಅಷ್ಟು ಜನ ಒಟ್ಟಿಗೆ ಕೂತು ತನಗಾಗಿ ಅಳುತ್ತಿದ್ದರು, ಅದರಲ್ಲಿ ಒಬ್ಬರಿಗೂ ತಾನು ಗೊತ್ತಿಲ್ಲ ಎಂದು ಅವನಿಗೆ ತುಂಬ ಸಂಕಟವಾಯಿತು. ಆ ಹೆಂಗಸು ಕರ್ಚೀಫನ್ನು ವಾಪಸ್ಸು ಕೊಡದೆ ಎದ್ದುಹೋದಳು.

ಅಕ್ಕನೂ ನೋಡಿ ಬಂದಳು. "ಆ ಬೈಂಡರ್ ಪಾತ್ರ ಥೇಟ್ ನಿನ್ನ ಹಾಗೇ ಇದೆ ಕಣೋ. ನಿಮ್ಮ ಭಾವ ನಕ್ಕಿದ್ದನ್ನ ನಾನು ಮದುವೆಯಾದ ಮೇಲೆ ಇದೇ ಮೊದಲು ನೋಡಿದ್ದು" ಎಂದಳು.

ಸಿನಿಮಾದವರು ಆ ನಕಲು ಕಚೇರಿಯ ಹಳೆಯ ಹಾಜರಿ ಪುಸ್ತಕ ಹುಡುಕಿ ಟೈಪಿಸ್ಟನ್ನು ಪತ್ತೆ ಮಾಡಿದ್ದರು. ಆಕೆಯೂ ಮದುವೆಯಾಗಿರಲಿಲ್ಲ, ಅಣ್ಣನ ಮಗನ ಮನೆಯಲ್ಲಿದ್ದಳು. ಪೇಪರಿನಲ್ಲಿ ಫೋಟೋ ಬಂತು. ಬಿಳಿ ಕೂದಲು, ದಪ್ಪ ಕನ್ನಡಕ, ಅದೇ ಗಲ್ಲ. ಬೈಂಡರ್ ಆ ಹಾಳೆಯನ್ನು ರದ್ದಿಗೆ ಹಾಕಲಿಲ್ಲ. ಒಂದು ವಾರದ ಮೇಲೆ ಆ ಅಣ್ಣನ ಮಗನೇ ಸ್ಕೂಟರಿನಲ್ಲಿ ಬಂದು, "ಅತ್ತೆಗೆ ನಿಮ್ಮನ್ನ ಒಂದು ಸಲ ನೋಡಬೇಕಂತೆ. ಒಬ್ಬರೇ ಬರಬೇಕಂತೆ" ಎಂದ.

ಬೈಂಡರ್ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡ. ಉಗುರಿನ ಸಂದಿಯ ಅಂಟನ್ನು ಪಿನ್ನಿನಿಂದ ತೆಗೆದ. ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ. 'ಅದನ್ನ ಬರೆದವನು ನಾನು. ಅವರಲ್ಲ, ನಾನು.' ಇಷ್ಟೇ ಮಾತು. ಆದರೂ ಸ್ಕೂಟರಿನ ಹಿಂದಿನ ಸೀಟಿನಲ್ಲಿ ಅದು ಎರಡು ಸಲ ಮರೆತುಹೋಯಿತು.

ರಸ್ತೆಗೆ ಮುಖ ಮಾಡಿದ ಬೆಳಕಿನ ಕೋಣೆಯಲ್ಲಿ ಆಕೆ ಕೂತಿದ್ದಳು. ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ತಪ್ಪು ತಿಳ್ಕೋಬೇಡಿ. ನಿಮ್ಮನ್ನ ನೋಡಿದ ನೆನಪೇ ಇಲ್ಲ ನನಗೆ" ಎಂದಳು. "ಆ ಕಿಟಕಿಯಿಂದ ನಿಮ್ಮ ಅಂಗಡಿಯ ಬೋರ್ಡು ಮಾತ್ರ ಕಾಣ್ತಿತ್ತು."

"ಪರವಾಗಿಲ್ಲ ಮೇಡಂ. ಬೋರ್ಡು ದೊಡ್ಡದಿತ್ತು."

ಆಕೆ ಎದ್ದು ಬಾಗಿಲು ಮುಂದೆ ಮಾಡಿ ಬಂದಳು. ದನಿ ತಗ್ಗಿಸಿದಳು. "ನಿಮ್ಮನ್ನ ಯಾಕೆ ಕರೆಸಿದೆ ಅಂದ್ರೆ, ಒಂದು ಮಾತು ಕೇಳಬೇಕಿತ್ತು. ಬೇರೆ ಯಾರನ್ನೂ ಕೇಳೋ ಹಾಗಿಲ್ಲ. ಕವಿಗಳು ನಿಜವಾಗ್ಲೂ ನನ್ನನ್ನ ನೋಡ್ತಿದ್ರಾ? ಇಲ್ಲಾ ಎಲ್ಲ ಸಿನಿಮಾದವರು ಕಟ್ಟಿದ ಕಥೆನಾ?"

ಬೈಂಡರ್ ಬಾಯಿ ತೆರೆದ. ಬಾಯಿಪಾಠ ಮಾಡಿದ ಮಾತು ನಾಲಿಗೆಯ ತುದಿಗೆ ಬಂದು ನಿಂತಿತ್ತು.

"ಮೂವತ್ತು ವರ್ಷ ಈ ಮನೇಲಿ ಹಿಂದಿನ ಕೋಣೇಲಿದ್ದೆ" ಎಂದು ಆಕೆಯೇ ಮುಂದುವರಿಸಿದಳು. "ಮನೆಗೆ ಬಂದವರಿಗೆ ನಾನಿದ್ದೀನಿ ಅಂತಾನೇ ಗೊತ್ತಾಗ್ತಿರಲಿಲ್ಲ. ಸಿನಿಮಾ ಬಂದ ಮೇಲೆ ಈ ಕೋಣೆ ಕೊಟ್ಟರು. ಕೋಣೆ ಹೋದರೆ ಹೋಗಲಿ, ಅದಲ್ಲ. ಒಬ್ಬರು ನನ್ನನ್ನ ನೋಡ್ತಾ ಇದ್ರು ಅನ್ನೋದು ಇದೆಯಲ್ಲ, ಅದು ಸುಳ್ಳಾಗಿಬಿಟ್ರೆ ನನ್ನ ಕೈಲಿ ತಡೆಯೋಕಾಗಲ್ಲ. ನೀವೊಬ್ಬರೇ ಕಂಡವರು. ನಿಜ ಹೇಳಿ."

ಅವನು ಬಾಯಿ ಮುಚ್ಚಿ, ಮತ್ತೆ ತೆರೆದ.

"ನೋಡ್ತಿದ್ರು" ಎಂದ.

"ಕಣ್ಣಾರೆ ಕಂಡ್ರಾ?"

"ಕಣ್ಣಾರೆ ಕಂಡಿದ್ದೀನಿ ಮೇಡಂ."

ಒಂದು ಸಲ ಶುರುವಾದ ಮೇಲೆ ಮಾತು ನಿಲ್ಲಲಿಲ್ಲ. ಹನ್ನೊಂದು ಗಂಟೆಗೆ ನೀವು ಡಬ್ಬಿ ಬಿಚ್ಚಿ ಅರ್ಧ ತಿಂದು ಅರ್ಧ ಗುಬ್ಬಿಗೆ ಹಾಕ್ತಿದ್ರಿ ಎಂದ. ಚಳಿಗಾಲದಲ್ಲಿ ಪ್ರತಿ ಪುಟಕ್ಕೊಮ್ಮೆ ಬೆರಳು ಊದಿಕೊಳ್ತಿದ್ರಿ ಎಂದ. ಕನ್ನಡಕ ಬಂದ ಹೊಸದರಲ್ಲಿ ಮ್ಯಾನೇಜರು ಆ ಕಡೆ ಬಂದಾಗೆಲ್ಲ ಅದನ್ನು ತೆಗೆದು ಡ್ರಾಯರಿನೊಳಗೆ ಇಡ್ತಿದ್ರಿ, ಆ ಹೊತ್ತಿನಲ್ಲಿ ಟೈಪು ಮಾಡಿದ್ದೆಲ್ಲ ತಪ್ಪಾಗಿ ಮತ್ತೆ ಮಾಡ್ತಿದ್ರಿ ಎಂದ. ಒಂದು ಬುಧವಾರ ನೀವು ಅತ್ರಿ, ಮುಖ ರಸ್ತೆ ಕಡೆಗಿಟ್ಟುಕೊಂಡು, ಒಳಗಿನವರಿಗೆ ಕಾಣದ ಹಾಗೆ ಅತ್ರಿ ಎಂದ. ಆವತ್ತು ಅವರಿಗೆ ಊಟ ಸೇರಲಿಲ್ಲ ಎಂದ.

ಆಕೆ ಕನ್ನಡಕ ತೆಗೆದು ತೊಡೆಯ ಮೇಲಿಟ್ಟುಕೊಂಡಿದ್ದಳು.

"ಆವತ್ತು ಅಪ್ಪ ಹೋದ ಸುದ್ದಿ ಬಂದಿತ್ತು" ಎಂದಳು. "ಇದು ಸಿನಿಮಾದಲ್ಲಿ ಇಲ್ಲ."

"ಇಲ್ಲ."

"ಆ ಪಟ್ಟಿಗಳಲ್ಲೂ ಇಲ್ಲ."

"ಕತ್ತರಿಸುವಾಗ ಹೋಗಿರಬೇಕು."

ಆಕೆ ಕನ್ನಡಕ ಮತ್ತೆ ಹಾಕಿಕೊಂಡಳು. ಆಮೇಲೆ ನಕ್ಕಳು, ಇಪ್ಪತ್ತರ ಹುಡುಗಿ ನಕ್ಕ ಹಾಗೆ. "ಇಷ್ಟೆಲ್ಲ ನೋಡ್ತಾ ನಿಂತಿದ್ರೆ ಹದಿನಾಲ್ಕು ಸಂಪುಟ ಬರೆದದ್ದು ಯಾವಾಗ ಅವರು?"

"ಅದೇ ನನಗೂ ಆಶ್ಚರ್ಯ."

"ಮತ್ತೆ ನೀವು? ನೀವೂ ಅಲ್ಲೇ ಇದ್ರಲ್ಲ. ಒಂದು ಸಲವಾದ್ರೂ ಈ ಕಡೆ ನೋಡಲಿಲ್ವಾ?"

ಬೈಂಡರ್ ತನ್ನ ಕೈಗಳನ್ನು ನೋಡಿಕೊಂಡ.

"ನನಗೆ ಕೆಲಸ ಇತ್ತು" ಎಂದ.

"ಅದೂ ಸರಿ" ಎಂದಳು ಆಕೆ. "ಪಾಪ, ನಿಮಗೆ ಇದಕ್ಕೆಲ್ಲ ಪುರುಸೊತ್ತೆಲ್ಲಿ." ಬಾಗಿಲವರೆಗೆ ಬಂದು ಬೀಳ್ಕೊಡುವಾಗ ಮೆಲ್ಲಗೆ ಸೇರಿಸಿದಳು. "ಇನ್ನೇನಾದ್ರೂ ಜ್ಞಾಪಕ ಬಂದ್ರೆ ಬನ್ನಿ. ಭಾನುವಾರ ಇಲ್ಲಿ ಯಾರೂ ಬರಲ್ಲ."

ಅವನು ಮುಂದಿನ ಭಾನುವಾರ ಹೋದ. ಅದರ ಮುಂದಿನ ಭಾನುವಾರವೂ ಹೋದ. ಸಿನಿಮಾ ಚಿತ್ರಮಂದಿರದಿಂದ ಹೋಯಿತು, ಜನ ಮಹಾಕವಿಗಳ ಪ್ರೇಮವನ್ನು ಮರೆತು ಮತ್ತೆ ಅವರ ಬೆಟ್ಟಗಳಿಗೆ ಮರಳಿದರು. ಬೈಂಡರ್ ಮಾತ್ರ ವಾರಕ್ಕೊಂದು ಹೊಸ ಜ್ಞಾಪಕ ತಂದು ಹೇಳುತ್ತಿದ್ದ. ಅವರು ಹೀಗೆ ನೋಡಿದರು, ಅವರು ಹೀಗೆ ಅಂದುಕೊಂಡರು, ರಸ್ತೆ ದಾಟಬೇಕೆಂದು ಅವರು ಎರಡು ವರ್ಷ ಹೊಂಚು ಹಾಕಿದರು ಎಂದು ಎಚ್ಚರದಿಂದ ಹೇಳುತ್ತಿದ್ದ. ಒಂದೇ ಒಂದು ಸಲ ಬಾಯಿ ತಪ್ಪಿತು. "ನೀವು ಹೊರಟುಹೋದ ಮೇಲೆ ಆ ಕಿಟಕಿಗೆ ಹಲಗೆ ಹೊಡೆದ್ರು. ಆಮೇಲೂ ನಾನು ದಿನಾ ನೋಡ್ತಿದ್ದೆ" ಎಂದುಬಿಟ್ಟ.

ಆಕೆ ಚಹಾದ ಲೋಟವನ್ನು ಕೆಳಗಿಟ್ಟಳು. ಅವನ ಮುಖವನ್ನೇ ನೋಡುತ್ತ, ಟೈಪಿಂಗಿನ ತಪ್ಪು ತಿದ್ದುವಷ್ಟು ನಿಧಾನವಾಗಿ, "ಅವರು" ಎಂದಳು.

"ಹೌದು, ಅವರು" ಎಂದ ಬೈಂಡರ್, ಮತ್ತು ಮಾತು ಮುಂದುವರಿಸಿದ.